ಎತ್ತರದ ಹ್ಯಾಂಡಲೂ ದೂರದ ಪ್ರಯಾಣವೂ

ಮನುಷ್ಯನು ಯಂತ್ರಕ್ಕೆ ಹೊಂದಿಕೊಳ್ಳಬೇಕೋ, ಯಂತ್ರವು ಮನುಷ್ಯನಿಗೆ ಹೊಂದಿಕೊಳ್ಳಬೇಕೋ ಎಂಬ ಪ್ರಶ್ನೆ ನೇಗಿಲಿನಷ್ಟೇ ಹಳೆಯದು. ಉಳುವವನ ಎತ್ತರವನ್ನು ನೋಡಿ ಊರ ಬಡಗಿಯು ನೇಗಿಲಿನ ಹಿಡಿಯನ್ನು ಕೆತ್ತಿಕೊಡಬಲ್ಲನು. ಕಾರ್ಖಾನೆಯಿಂದ ಸಾವಿರಗಟ್ಟಲೆ ಹೊರಬರುವ ಮೋಟಾರು ಸೈಕಲ್ಲಿಗೆ ಆ ಅನುಕೂಲವಿಲ್ಲ. ಅದರ ಹ್ಯಾಂಡಲು, ಆಸನ, ಕಾಲಿಡುವ ಕಡ್ಡಿಗಳ ನಡುವಣ ಅಂತರಗಳು ಒಬ್ಬ ಸರಾಸರಿ ಸವಾರನನ್ನು ಊಹಿಸಿಕೊಂಡು ಗೊತ್ತುಮಾಡಿದವು. ಆರಡಿಯವನೂ ಐದಡಿಯವಳೂ ಅದನ್ನೇ ಹಿಡಿಯಬೇಕು. ಪೇಟೆಗೆ ಹೋಗಿಬರುವಷ್ಟಕ್ಕೆ ಇದರಿಂದ ಬಾಧೆಯಿಲ್ಲ. ಬೆಂಗಳೂರಿನಿಂದ ಲಡಾಖಿನತ್ತ ಹೊರಟು ದಿನಕ್ಕೆ ಎಂಟು ಗಂಟೆಗಳ ಕಾಲ ಕುಳಿತಿರುವವರಿಗಾದರೋ ಕತ್ತು, ಮಣಿಕಟ್ಟು, ಸೊಂಟಗಳು ತಮ್ಮ ದೂರನ್ನು ಹೇಳದೆ ಬಿಡವು. ಆದುದರಿಂದ ಹ್ಯಾಂಡಲನ್ನು ಎತ್ತರಿಸಿಕೊಂಡವರನ್ನೆಲ್ಲ ಷೋಕಿಗಾರರೆಂದು ಹೀಗಳೆಯುವುದು ನ್ಯಾಯವಲ್ಲ. ನಮ್ಮ ಆಕ್ಷೇಪ ಬೇರೆ. ಒಂದು ಭಾಗವನ್ನಷ್ಟೇ ಬದಲಿಸಿದೆನೆಂದು ಸವಾರನು ತಿಳಿಯುತ್ತಾನೆ. ವಾಸ್ತವವಾಗಿ ಇಡೀ ಯಂತ್ರದ ನಡೆಯೇ ಬದಲಾಗಿರುತ್ತದೆ.

ಮೊದಲು ದೇಹದ ವಿಚಾರವನ್ನು ನೋಡೋಣ. ಹ್ಯಾಂಡಲು ಎರಡು ಅಂಗುಲ ಮೇಲೇರಿ ತುಸು ಹಿಂದಕ್ಕೆ ಬಂದರೆ, ಬಾಗಿದ ಬೆನ್ನು ನೆಟ್ಟಗಾಗಿ ಅಂಗೈಗಳ ಮೇಲಿನ ಭಾರ ಇಳಿಯುತ್ತದೆ. ಇದು ಲಾಭವೇ ಸರಿ. ಆದರೆ ಪೂರ್ತಿ ನೆಟ್ಟಗೆ ಕುಳಿತವನ ಬೆನ್ನೆಲುಬಿಗೆ ರಸ್ತೆಯ ಹಳ್ಳಗಳ ಏಟು ನೇರವಾಗಿ ತಾಗುತ್ತದೆ. ಕೈಗಳು ಭುಜಕ್ಕಿಂತ ಮೇಲೆ ಹೋದರೆ ತೋಳುಗಳು ಬೇಗ ದಣಿದು ಬೆರಳುಗಳು ಜೋಮು ಹಿಡಿಯುತ್ತವೆ. ಬ್ರೇಕನ್ನು ಒತ್ತಬೇಕಾದವೂ ಅವೇ ಬೆರಳುಗಳು. ಇನ್ನು ಗಾಳಿಯ ನೂಕು ವೇಗದ ವರ್ಗಕ್ಕನುಸಾರವಾಗಿ ಬೆಳೆಯುತ್ತದೆ. ಗಂಟೆಗೆ 60 ಕಿಲೋಮೀಟರಿನ ವೇಗವನ್ನು 90ಕ್ಕೆ ಏರಿಸಿದರೆ ವೇಗವು ಒಂದೂವರೆ ಪಟ್ಟು, ನೂಕು ಎರಡೂಕಾಲು ಪಟ್ಟು. ನೆಟ್ಟಗಿನ ಎದೆಯು ಹಡಗಿನ ಹಾಯಿಯಂತೆ ಅದನ್ನು ಹಿಡಿಯುತ್ತದೆ. ಸವಾರನು ಹ್ಯಾಂಡಲಿಗೆ ಜೋತುಬೀಳುತ್ತಾನೆ. ಗಾಳಿಯ ಒಂದೊಂದು ಬೀಸೂ ಅವನ ತೋಳುಗಳ ಮೂಲಕ ಮುಂದಿನ ಚಕ್ರಕ್ಕೆ ಇಳಿಯುತ್ತದೆ.

ಎತ್ತರದೊಡನೆ ಅಗಲವೂ ಹೆಚ್ಚಿದರೆ ಸನ್ನೆಯ ನಿಯಮ ಬಂದು ಸೇರುತ್ತದೆ. 70 ಸೆಂಟಿಮೀಟರ್ ಅಗಲದ ಹ್ಯಾಂಡಲಿನ ಬದಲು 80 ಸೆಂಟಿಮೀಟರಿನದನ್ನು ಹಾಕಿದರೆ ಸನ್ನೆಯ ತೋಳು 35ರಿಂದ 40ಕ್ಕೆ ಬೆಳೆಯುತ್ತದೆ. ಚಕ್ರವನ್ನು ತಿರುಗಿಸಲು ಬೇಕಾಗುವ ಬಲವು ಎಂಟರಲ್ಲಿ ಒಂದು ಪಾಲು ತಗ್ಗುತ್ತದೆ. ಕೆಸರು ದಾರಿಯಲ್ಲಿ ಇದು ವರವೇ. ಹೆದ್ದಾರಿಯಲ್ಲಿ ಮಾತ್ರ, ಅರಿವಿಲ್ಲದೆ ಮಾಡಿದ ಸಣ್ಣ ಸೆಳೆತಕ್ಕೂ ವಾಹನವು ಹೆಚ್ಚಾಗಿ ಸ್ಪಂದಿಸುತ್ತದೆ.

ಇವೆಲ್ಲಕ್ಕಿಂತ ಗುರುತರವಾದುದು ಬ್ರೇಕಿನ ಕೊಳವೆ. ಹ್ಯಾಂಡಲು ಏರಿದಷ್ಟೂ ಅದಕ್ಕೆ ಸೇರಿದ ಕೊಳವೆ, ಕ್ಲಚ್ಚಿನ ಮತ್ತು ಆಕ್ಸಿಲರೇಟರಿನ ಕೇಬಲ್ಲುಗಳು, ವಿದ್ಯುತ್ ತಂತಿಗಳು ಬಿಗಿಯುತ್ತವೆ. ನೇರವಾಗಿ ನಿಂತ ವಾಹನದಲ್ಲಿ ಸಾಕಷ್ಟು ಉದ್ದವೆಂದು ತೋರುವ ಕೇಬಲ್ಲು, ಹ್ಯಾಂಡಲನ್ನು ಒಂದು ಬದಿಗೆ ಪೂರ್ತಿ ತಿರುಗಿಸಿದೊಡನೆ ಸಾಲದೆ ಬರಬಹುದು. ಪರೀಕ್ಷೆ ಸುಲಭ. ವಾಹನವನ್ನು ಭದ್ರವಾಗಿ ನಿಲ್ಲಿಸಿ, ಗೇರನ್ನು ನ್ಯೂಟ್ರಲ್ಲಿನಲ್ಲಿರಿಸಿ, ಎಂಜಿನನ್ನು ನಿಧಾನಗತಿಯಲ್ಲಿ ಓಡಬಿಟ್ಟು, ಹ್ಯಾಂಡಲನ್ನು ಎಡದ ಕೊನೆಯಿಂದ ಬಲದ ಕೊನೆಗೆ ತಿರುಗಿಸಬೇಕು. ಎಂಜಿನ್ನಿನ ಸದ್ದು ಏರಿದರೆ ಕೇಬಲ್ಲು ಎಳೆದುಕೊಳ್ಳುತ್ತಿದೆಯೆಂದೇ ಅರ್ಥ. ಅಂತಹ ವಾಹನವು ಘಟ್ಟದ ತಿರುವಿನಲ್ಲಿ ಸವಾರನ ಅಪ್ಪಣೆಯಿಲ್ಲದೆ ವೇಗ ಹೆಚ್ಚಿಸಿಕೊಂಡೀತು. ಕೊಳವೆಯನ್ನು ಬದಲಿಸಿದಾಗ ಒಳಗೆ ಗಾಳಿಯ ಗುಳ್ಳೆ ಉಳಿಯಲೂ ಕೂಡದು. ದ್ರವವು ಒತ್ತಡಕ್ಕೆ ಕುಗ್ಗುವುದು ಅತ್ಯಲ್ಪ, ಗಾಳಿಯು ಕುಗ್ಗುವುದು ಬಹಳ. ಬೆರಳಿನ ಬಲವೆಲ್ಲ ಗುಳ್ಳೆಯನ್ನು ಹಿಸುಕುವುದರಲ್ಲಿಯೇ ವ್ಯಯವಾಗುತ್ತದೆ.

ಹಿಂಬದಿಯ ಪೆಟ್ಟಿಗೆಗೂ ಇದೇ ಮಾತು ಸಲ್ಲುತ್ತದೆ. ಎರಡು ಚಕ್ರಗಳ ನಡುವಣ ಅಂತರ 140 ಸೆಂಟಿಮೀಟರ್ ಇದ್ದು, 10 ಕಿಲೋಗ್ರಾಮಿನ ಪೆಟ್ಟಿಗೆಯನ್ನು ಹಿಂದಿನ ಅಚ್ಚಿಗಿಂತ 35 ಸೆಂಟಿಮೀಟರ್ ಹಿಂದೆ ಕಟ್ಟಿದರೆ, ಹಿಂದಿನ ಚಕ್ರದ ಮೇಲೆ ಹನ್ನೆರಡೂವರೆ ಕಿಲೋಗ್ರಾಮು ಬಿದ್ದು, ಮುಂದಿನ ಚಕ್ರದಿಂದ ಎರಡೂವರೆ ಕಿಲೋಗ್ರಾಮು ಕಳೆಯುತ್ತದೆ. ಎತ್ತರದ ಹ್ಯಾಂಡಲಿನಿಂದ ಸವಾರನ ಮೈಭಾರವೂ ಆಗಲೇ ಹಿಂದೆ ಸರಿದಿರುತ್ತದೆ. ಒಂದೊಂದೂ ಸಣ್ಣದು, ಎರಡೂ ಸೇರಿದಾಗ ಮುಂಚಕ್ರದ ಹಿಡಿತ ಹಗುರವಾಗಿ ವಾಹನವು ವೇಗದಲ್ಲಿ ತೂಗಾಡತೊಡಗಬಹುದು. ಭಾರದ ಸಾಮಾನನ್ನು ಕೆಳಗೆ, ಎರಡು ಅಚ್ಚುಗಳ ನಡುವೆ ಕಟ್ಟುವುದೇ ಮೇಲು.

ಕಾನೂನು ಏನೆನ್ನುತ್ತದೆ? ನೋಂದಣಿ ಪತ್ರದ ವಿವರಗಳು ತಯಾರಕರು ಮೊದಲು ನಿರ್ದಿಷ್ಟಪಡಿಸಿದುದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ತಡೆಯುತ್ತದೆ. ನಿಯಮಕ್ಕೊಳಪಡದ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡವನ್ನೋ, ಆರು ತಿಂಗಳವರೆಗಿನ ಸೆರೆವಾಸವನ್ನೋ, ಎರಡನ್ನೂ ಕೂಡಿಯೋ ವಿಧಿಸಲು 2019ರ ತಿದ್ದುಪಡಿಯು ಅವಕಾಶ ಕೊಟ್ಟಿದೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಹ್ಯಾಂಡಲಿಗೆ ಬೇರೊಂದು ಬಗೆಯ ನಿಯಮವಿದೆ: ಸವಾರನು ಕುಳಿತಾಗ ಅವನ ಕೈಗಳು ಭುಜಕ್ಕಿಂತ ಆರು ಅಂಗುಲಕ್ಕೂ ಹೆಚ್ಚು ಮೇಲಿರಕೂಡದು. ಆ ಆರು ಅಂಗುಲ ಅತಿಯೆಂದೇ ನಮ್ಮ ಅಭಿಪ್ರಾಯ. ಭುಜದ ಮಟ್ಟವನ್ನೇ ಮಿತಿಯಾಗಿ ಇಡಬಹುದು. ಆದರೆ ಸವಾರನ ದೇಹವನ್ನೇ ಅಳತೆಗೋಲಾಗಿ ಹಿಡಿದ ಕ್ರಮ ಮೆಚ್ಚತಕ್ಕದ್ದು. ಒಂದು ಟೇಪಿನಿಂದ ಯಾರು ಬೇಕಾದರೂ ಪರೀಕ್ಷಿಸಬಹುದಾದ ಇಂತಹ ನಿಯಮವು, ಕೇವಲ ದಂಡದ ಭಯಕ್ಕಿಂತ ಹೆಚ್ಚು ಜನರನ್ನು ಸರಿದಾರಿಯಲ್ಲಿ ಇರಿಸೀತು.

ಅಷ್ಟರಲ್ಲಿ ಸವಾರರು ಪಾಲಿಸಬೇಕಾದ ಕ್ರಮ ಪ್ರಯೋಗಶಾಲೆಯ ಕ್ರಮವೇ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು; ಮೊದಲಿನ ಅಳತೆಯನ್ನು ಬರೆದಿಡಬೇಕು; ಬಯಲಿನಲ್ಲಿ ನಿಧಾನವಾಗಿ ಓಡಿಸಿ, ಬ್ರೇಕು ಹಿಡಿದು ನೋಡಿ, ಆಮೇಲೆ ಹೆದ್ದಾರಿಗೆ ಇಳಿಯಬೇಕು. ಹೊಸ ಹ್ಯಾಂಡಲನ್ನು ಕೊಳ್ಳುವ ಮೊದಲು, ಇರುವುದನ್ನೇ ಅದರ ಹಿಡಿಕಟ್ಟಿನಲ್ಲಿ ತುಸು ತಿರುಗಿಸಿ ನೋಡುವುದೂ ಒಳ್ಳೆಯದು. ಅನೇಕರ ಮಣಿಕಟ್ಟಿನ ನೋವು ಅಷ್ಟರಿಂದಲೇ, ಕಾಸಿನ ಖರ್ಚಿಲ್ಲದೆ, ತೀರಬಹುದು.