ಸಂತೆಯ ದಿನದ ಬಿಡುವು

ವಿಶ್ರಾಂತಿಯ ದಿನಕ್ಕೆ ನಮ್ಮ ನುಡಿಯಲ್ಲಿ ಎರಡು ಮಾತುಗಳು ಬಳಕೆಯಲ್ಲಿವೆ: 'ರಜೆ' ಒಂದು, 'ಬಿಡುವು' ಇನ್ನೊಂದು. ರಜೆ ಎಂಬುದು ಅರಬ್ಬಿ-ಪಾರಸಿಗಳ ಹಾದಿಯಿಂದ ಬಂದ ಶಬ್ದ. ಒಪ್ಪಿಗೆ, ಅಪ್ಪಣೆ ಎಂದು ಅದರ ಮೂಲಾರ್ಥ. ಅದನ್ನು ಮೇಲಿನವರು ಕೊಡಬೇಕು, ಕೆಳಗಿನವರು ಪಡೆಯಬೇಕು. ಬಿಡುವಾದರೋ ಅಚ್ಚಗನ್ನಡದ ಮಾತು. ಹಿಡಿದ ಕೆಲಸವನ್ನು ಕೈ ತಾನಾಗಿ ಬಿಟ್ಟಾಗ ಮನಸ್ಸಿಗೆ ಒದಗುವ ತೆರವು ಅದು. ರಜೆಯಿದ್ದೂ ಬಿಡುವಿಲ್ಲದವರು, ಬಿಡುವಿನ ರುಚಿ ಬಲ್ಲವರಾದರೂ ರಜೆಯಿಲ್ಲದವರು—ಈ ಎರಡು ಬಗೆಯ ಜನರೂ ಇಂದು ಎದುರುಬದುರಾಗುವ ನಾಡು ಕೊಡಗು.

ವಾರಕ್ಕೊಂದು ದಿನ ಕೈ ಕೆಳಗಿಡುವುದು ಈ ನಾಡಿಗೆ ಹೊಸತಲ್ಲ. ಸೋಮವಾರಪೇಟೆ, ಶನಿವಾರಸಂತೆ ಎಂದು ಊರುಗಳಿಗೇ ವಾರದ ಹೆಸರನ್ನಿಟ್ಟ ಜನರಿವರು. ಕಾಫಿ ತೋಟದ ಆಳುಗಳಿಗೆ ಅನೇಕ ಕಡೆ ಹತ್ತಿರದ ಊರಿನ ಸಂತೆಯ ದಿನವೇ ವಾರದ ರಜೆ. ಬಟವಾಡೆಯ ಹಣವನ್ನು ಸೆರಗಿಗೋ ಕಿಸೆಗೋ ಸೇರಿಸಿಕೊಂಡು, ಲೈನ್ ಮನೆಗಳಿಂದ ಹೊರಟವರು ಉಪ್ಪು, ಒಣಮೀನು, ವೀಳ್ಯದೆಲೆಗಳನ್ನು ಕೊಳ್ಳುತ್ತಾರೆ. ಮರಗಸಿಯ ಕತ್ತಿಗೆ ಸಾಣೆ ಹಿಡಿಸುತ್ತಾರೆ. ಮಳೆಗಾಲ ಬರುವ ಮುನ್ನ ಕೊಡೆಯ ಕಡ್ಡಿ ಸರಿಮಾಡಿಸುತ್ತಾರೆ. ಬೇರೆ ತೋಟಕ್ಕೆ ಕೊಟ್ಟ ಮಗಳನ್ನು ಅಲ್ಲಿಯೇ ಕಂಡು ಮಾತನಾಡಿಸುತ್ತಾರೆ. ಹೊರಗಿನವರಿಗೆ ಇದು ದಂದುಗದಂತೆ ಕಾಣಬಹುದು. ಆದರೆ ತನ್ನ ಕೆಲಸವನ್ನು ತನ್ನ ನಡಿಗೆಯ ವೇಗದಲ್ಲಿ ಮಾಡಿಕೊಳ್ಳುವ ಸುಖ, ಸುಮ್ಮನೆ ಕುಳಿತ ಸುಖಕ್ಕಿಂತ ಕಡಮೆಯದಲ್ಲ.

ಮಡಿಕೇರಿಯ ಸಂತೆ ಶುಕ್ರವಾರ. ಆ ದಿನ ಚೀಲ ತುಂಬಿಸಿಕೊಂಡವನು ಹಾಗೆಯೇ ಇಳಿದು, ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯದ ಕೊಳದ ಅಂಚಿನಲ್ಲಿ ಒಂದು ಗಳಿಗೆ ನಿಲ್ಲಬಹುದು. ಸಂಜೆ ರಾಜಾಸೀಟಿಗೆ ನಡೆದು, ಅರಸರು ನೋಡುತ್ತಿದ್ದರೆನ್ನುವ ಸೂರ್ಯಾಸ್ತವನ್ನು ತಾನೂ ನೋಡಬಹುದು. ಬೇಸಾಯಗಾರನ ವರ್ಷಕ್ಕೂ ಇಂಥ ಬಿಡುವುಂಟು. ಗದ್ದೆಯ ನಾಟಿ ಮುಗಿದು ಸೆಪ್ಟೆಂಬರಿನ ಆರಂಭದಲ್ಲಿ ಬರುವ ಕೈಲ್‌ಪೊಳ್ದಿನಲ್ಲಿ ಆಯುಧಗಳನ್ನು ತೊಳೆದು, ತೋಕ್‌ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಹಿಂದೆ ಅದು ಬೇಟೆಯ ಆರಂಭವೂ ಆಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಬೇಟೆಗೆ ತಡೆಬಿದ್ದಿತು. ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಆಟವೂ ಕಡಂಬುಟ್ಟಿನ ಊಟವೂ ಉಳಿದಿವೆ.

ಇಂದು ಈ ಬೆಟ್ಟಗಳಿಗೆ ವಾರದ ಕೊನೆಯಲ್ಲಿ ದೂರದ ನಗರಗಳಿಂದ ಕಾರುಗಳ ಸಾಲೇ ಬರುತ್ತದೆ. ಬಂದವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಮಂಜನ್ನು ಕಾಣುವ ಹಂಬಲ ತಪ್ಪೇನೂ ಅಲ್ಲ. ಆದರೆ ಎರಡು ದಿನಗಳಲ್ಲಿ ಅಬ್ಬಿ ಜಲಪಾತ, ದುಬಾರೆ, ತಲಕಾವೇರಿಗಳನ್ನೆಲ್ಲ ಮುಗಿಸಿ ಹಿಂದಿರುಗುವವರು ಕಚೇರಿಯ ಧಾವಂತವನ್ನೇ ಬೆಟ್ಟಕ್ಕೆ ಹೊತ್ತು ತಂದಂತಲ್ಲವೆ? ಅವರ ಭಾನುವಾರಕ್ಕಾಗಿ ತಮ್ಮ ಭಾನುವಾರವನ್ನು ತೆತ್ತವರನ್ನೂ ನೆನೆಯಬೇಕು: ಜೀಪು ನಡೆಸುವವನು, ಹೋಟೆಲಿನಲ್ಲಿ ಬಡಿಸುವ ಹುಡುಗ, ಹೋಂಸ್ಟೇಯ ಅಡುಗೆಯವಳು. ವಾರದ ರಜೆ ಯಾರೂ ಧರ್ಮಕ್ಕೆ ಕೊಟ್ಟದ್ದಲ್ಲ. ಮುಂಬಯಿಯ ಗಿರಣಿ ಕೆಲಸಗಾರರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ವರ್ಷಗಟ್ಟಲೆ ಕೇಳಿದ ಮೇಲೆ 1890ರಲ್ಲಿ ಅವರಿಗೆ ಭಾನುವಾರ ದೊರೆಯಿತು. ತೋಟದ ಕಾರ್ಮಿಕರಿಗೆ ಏಳು ದಿನಕ್ಕೊಂದು ವಿಶ್ರಾಂತಿಯನ್ನು ವಿಧಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟದ್ದು 1951ರ ಕಾಯಿದೆ. ಕಾಗದದ ಮೇಲೆ ಗೆದ್ದದ್ದು ಅಡುಗೆಮನೆಯವರೆಗೂ ಸಾಗಿದೆಯೆ ಎಂಬುದೇ ಪ್ರಶ್ನೆ.

ಅಡುಗೆಮನೆಯೆಂದೊಡನೆ ಗೃಹಿಣಿಯ ನೆನಪು ಬರುತ್ತದೆ. ಅವಳ ಒಲೆಗೆ ವಾರದ ರಜೆಯಿಲ್ಲ; ಉಳಿದವರು ಮನೆಯಲ್ಲಿರುವ ದಿನವೇ ಅವಳಿಗೆ ಹೆಚ್ಚು ಕೆಲಸ. ಕೊಡಗಿನ ಗೌರಮ್ಮ (1912–1939) ಸಂಸಾರದ ನಡುವೆಯೇ ಟೆನಿಸ್ ಆಡಿದರು, ಈಜಿದರು, ಕನ್ನಡಕ್ಕೆ ಬೆಲೆಯುಳ್ಳ ಕತೆಗಳನ್ನು ಬರೆದರು. ಇಪ್ಪತ್ತೇಳು ವರ್ಷಗಳ ಆ ಕಿರುಬಾಳಿನ ಬಿಡುವಿನ ಗಳಿಗೆಗಳು ನಮ್ಮ ಸಾಹಿತ್ಯಕ್ಕೆ ಏನನ್ನಿತ್ತವೆಂಬುದನ್ನು ಬಲ್ಲ ನಾವು, ಬಿಡುವೇ ದೊರೆಯದ ಎಷ್ಟು ಗೌರಮ್ಮಂದಿರನ್ನು ಕಳೆದುಕೊಂಡೆವೋ ಎಂದು ಕೇಳಿಕೊಳ್ಳಬೇಡವೆ?

ಆದುದರಿಂದ ನಮ್ಮ ಓದುಗರಲ್ಲಿ ಒಂದು ಸಣ್ಣ ಕೋರಿಕೆ. ಮುಂದಿನ ರಜೆಯಲ್ಲಿ ಚೀಲ ಹಿಡಿದು ಸಂತೆಗೆ ನೀವೇ ನಡೆಯಿರಿ. ಹಾದಿಯಲ್ಲಿ ಪರಿಚಿತರು ಸಿಕ್ಕರೆ ನಿಂತು ಮಾತನಾಡಿ. ಮನೆಗೆ ಬಂದು ತಂದ ತರಕಾರಿಯನ್ನು ನೀವೇ ಹೆಚ್ಚಿ, ಒಲೆಯ ಮುಂದೆ ನಿಲ್ಲಿ. ಆ ಹೊತ್ತಿನಲ್ಲಿ ಮನೆಯಾಕೆ ಪುಸ್ತಕವೊಂದನ್ನು ಹಿಡಿದು ಜಗಲಿಯಲ್ಲಿ ಕುಳಿತರೆ, ದಯವಿಟ್ಟು ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಕೂಗಿ ಕೇಳಬೇಡಿ.