ಕಿವಿಗೆ ಹಾಕಿಕೊಂಡ ಮೌನ

ಮಗಳು ಬೆಂಗಳೂರಿನಿಂದ ತಂದುಕೊಟ್ಟ ವೈರಿಲ್ಲದ ಇಯರ್‌ಫೋನಿನ ಬಗ್ಗೆ ಹೋದ ಸಂಚಿಕೆಯಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ಅದನ್ನೇ ಹಿಡಿದು ಸೋದರಿಯರು ಕೇಳಿದ್ದಾರೆ: "ಅಷ್ಟು ದುಡ್ಡು ಸುರಿಯುವಂಥದ್ದು ಅದರಲ್ಲೇನಿದೆ? ಅಡುಗೆ ಮಾಡುವಾಗ ಹಾಕಿಕೊಳ್ಳಬಹುದೇ?" ಮೂರು ವಾರ ಮನೆಗೆಲಸದ ನಡುವೆಯೇ ಬಳಸಿ ನೋಡಿದ್ದೇನೆ. ಕಂಪನಿಯ ಹೆಸರು ಮಾತ್ರ ಬರೆಯುವುದಿಲ್ಲ, ಬರೆದರೆ ಜಾಹೀರಾತು ಅಂತೀರಿ. ಈ ದರ್ಜೆಯವಕ್ಕೆ 20ರಿಂದ 25 ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ.

ನೋಡಲು ನೇರಳೆಹಣ್ಣಿನಷ್ಟು. ಒಂದೊಂದೂ ಆರು ಗ್ರಾಂ ತೂಗಿದರೆ ಹೆಚ್ಚು. ಕುಂಕುಮದ ಭರಣಿಯಂಥ ಡಬ್ಬಿಯಲ್ಲಿಟ್ಟರೆ ತಾವೇ ಚಾರ್ಜ್ ಆಗುತ್ತವೆ. ಹಾಡು ಕೇಳಲಿಕ್ಕೇ ಆದರೆ ಸಾವಿರ ಚಿಲ್ಲರೆಯದೂ ಸಾಕು. ಹೆಚ್ಚಿನ ದುಡ್ಡು ಹಾಡಿಗಲ್ಲ, ಸದ್ದು ಅಡಗಿಸುವುದಕ್ಕೆ. ಅದರೊಳಗಿನ ಪುಟ್ಟ ಮೈಕುಗಳು ಹೊರಗಿನ ಸದ್ದನ್ನು ಕೇಳಿಸಿಕೊಂಡು, ಆ ಸದ್ದಿನ ಅಲೆ ಏಳುವಾಗ ಇಳಿಯುವಂಥ ಇನ್ನೊಂದು ಅಲೆಯನ್ನು ಕಿವಿಯೊಳಗೆ ಬಿಡುತ್ತವೆ. ಒಂದಕ್ಕೊಂದು ಹೊಡೆದು ಎರಡೂ ತಣ್ಣಗಾಗುತ್ತವೆ. ಬಂಗಾಳದಿಂದ ಅಮೆರಿಕಕ್ಕೆ ಹೋದವರ ಮಗ ಅಮರ್ ಬೋಸ್ 1978ರಲ್ಲಿ ವಿಮಾನದಲ್ಲಿ ಹಾಡು ಕೇಳಲು ಹೋಗಿ, ಎಂಜಿನ್ನಿನ ಗದ್ದಲಕ್ಕೆ ಬೇಸತ್ತು, ಕೂತಲ್ಲೇ ಇದರ ಲೆಕ್ಕ ಶುರು ಮಾಡಿದರಂತೆ. 1989ರಲ್ಲಿ ಅವರ ಕಂಪನಿ ವಿಮಾನ ಹಾರಿಸುವವರಿಗೆಂದು ಮಾರಿತು. ಈಗ ಅದೇ ಉಪಾಯ ನಮ್ಮ ಒಗ್ಗರಣೆಯ ಪಕ್ಕಕ್ಕೆ ಬಂದು ನಿಂತಿದೆ!

ಅಡುಗೆಮನೆಯಲ್ಲಿ ಬೇಕೆಂದೇ ಒಂದೊಂದಾಗಿ ಪರೀಕ್ಷೆ ಮಾಡಿದೆ. ಫ್ಯಾನು, ಫ್ರಿಜ್ಜು ಇದ್ದವೋ ಇಲ್ಲವೋ ಅನ್ನುವ ಹಾಗಾಯಿತು. ಮಿಕ್ಸಿಯ ಗುಂಯ್ ಅನ್ನುವ ಮೊರೆತ ಅರ್ಧಕ್ಕರ್ಧ ಇಳಿಯಿತು, ಆದರೆ ಕಾಯಿಚೂರು ಜಾರಿಗೆ ಬಡಿಯುವ ಕಟಕಟ ಉಳಿಯಿತು. ಒಂದೇ ಸಮ ಬರುವ, ದಪ್ಪ ದನಿಯ ಸದ್ದನ್ನು ಇದು ಚೆನ್ನಾಗಿ ನುಂಗುತ್ತದೆ. ಥಟ್ಟನೆ ಬರುವುದನ್ನು, ಕೀರಲು ದನಿಯನ್ನು ಅಷ್ಟಾಗಿ ಹಿಡಿಯಲಾರದು. ಹಾಗಾಗಿ ಕುಕ್ಕರಿನ ಸೀಟಿ ಕೇಳಿಸಿತು, ಆದರೆ ಪಕ್ಕದ ಮನೆಯದೇನೋ ಅನ್ನುವಷ್ಟು ದೂರದಲ್ಲಿ. ಬೇಳೆಗೆ ಮೂರು ಸೀಟಿ ಲೆಕ್ಕ ಇಡುವವರಿಗೆ ಇದು ಆಗದು. ಹಾಲಿನ ಪಾತ್ರೆಯ ಮುಂದೆಯೇ ನಿಂತು ನೋಡಿದೆ. ಉಕ್ಕುವ ಮುಂಚೆ ಸುಯ್ಯೆನ್ನುತ್ತದಲ್ಲ, ಆ ಸದ್ದು ಒಂದಿಷ್ಟೂ ಕೇಳಲಿಲ್ಲ. ಗ್ಯಾಸು ಸುಯ್ಯೆನ್ನುವುದೂ ಹಾಗೆಯೇ. ಒಲೆಯ ಮುಂದೆ ಎರಡೂ ಕಿವಿಗೆ ಹಾಕಿಕೊಳ್ಳಲೇಬೇಡಿ. ಒಂದು ಕಿವಿಗೆ ಸಾಕು. ಇಲ್ಲವೇ ಹೊರಗಿನ ಸದ್ದನ್ನು ಒಳಗೆ ಬಿಡುವ 'ಟ್ರಾನ್ಸ್‌ಪರೆನ್ಸಿ' ಎಂಬ ವ್ಯವಸ್ಥೆಯಲ್ಲಿಡಿ. ಕೊಳ್ಳುವಾಗ ಅಂಗಡಿಯವರ ಹತ್ತಿರ ಮೊದಲು ಅದನ್ನೇ ಹಾಕಿಸಿ ನೋಡಿ.

ಒಲೆಯ ಮಾತಾಯಿತು. ಇನ್ನು ಮನೆಯವರದು. ನಮ್ಮವರು ಪೇಪರು ಹಿಡಿದು ಕೂತರೆ ನಾಲ್ಕು ಸಲ ಕೂಗಬೇಕು. "ಪಾಪ, ಓದ್ತಾ ಇದಾನೆ" ಅಂತಾರೆ ಅತ್ತೆ. ನಾನು ಒಂದು ಸಲ "ಆಂ?" ಅಂದರೆ ಮನೆಯೆಲ್ಲ ನನ್ನ ಕಿವಿಯತ್ತ ತಿರುಗುತ್ತದೆ. "ಏನೇ, ಕಿವಿಗೇನು ತುರುಕಿಕೊಂಡಿದೀಯೆ?" ಹೆಂಗಸಿನ ಕಿವಿ ಎಂದರೆ ಬಾಗಿಲ ಬೆಲ್ಲಿಗೆ, ಹಾಲಿನವನಿಗೆ, ಮೋಟಾರು ಹಾಕಿ ಮರೆತ ಟ್ಯಾಂಕಿಗೆ, ಎಲ್ಲಕ್ಕೂ ಸೇರಿದ ಮನೆಯ ಆಸ್ತಿ ತಾನೇ? ಮಧ್ಯಾಹ್ನ ಮೂರರಿಂದ ಮುಕ್ಕಾಲು ಗಂಟೆ ಮಾತ್ರ ಬೆಲ್ಲು ನಿಮ್ಮ ಪಾಲಿನದು ಎಂದು ಎಲ್ಲರಿಗೂ ಹೇಳಿಬಿಟ್ಟೆ. ಎರಡು ದಿನ ಗೊಣಗಿದರು, ಮೂರನೆಯ ದಿನ ನಮ್ಮವರೇ ಎದ್ದುಹೋಗಿ ಬಾಗಿಲು ತೆಗೆದರು.

ಬಸ್ಸಿನಲ್ಲಂತೂ ಇದರ ಉಪಕಾರ ದೊಡ್ಡದು. ಅರಸೀಕೆರೆಯಿಂದ ಹಾಸನಕ್ಕೆ ಹೋಗುವಾಗ ಎಂಜಿನ್ನಿನ ಪಕ್ಕದ ಸೀಟೇ ಸಿಕ್ಕಿತು. ಮೊಬೈಲಿನಲ್ಲಿ ಆಕಾಶವಾಣಿ ಹಾಕಿದೆ. ಬರೀ ಕಾಲು ಭಾಗದ ದನಿಯಲ್ಲಿ ವಾರ್ತೆಯ ಒಂದೊಂದು ಅಕ್ಷರವೂ ಕೇಳಿಸಿತು. ಸುತ್ತ ಗದ್ದಲವಿದ್ದರೆ ನಾವು ದನಿ ಏರಿಸುತ್ತಾ ಹೋಗುತ್ತೇವೆ, ಕಿವಿ ಕೆಡುವುದು ಅಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ಬರೀ 4 ಗಂಟೆ. ಹತ್ತೇ ಹೆಚ್ಚಾದರೆ ಎಷ್ಟು ವ್ಯತ್ಯಾಸ ನೋಡಿ! ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ಮಕ್ಕಳಿದ್ದರೆ ಇದನ್ನು ಅವರ ಕಿವಿಗೂ ಹಾಕಿ. ರಸ್ತೆ ದಾಟುವಾಗ, ಸ್ಕೂಟಿ ಓಡಿಸುವಾಗ ಮಾತ್ರ ತೆಗೆದು ಚೀಲದಲ್ಲಿಡಲಿ.

ಹಾಕಿಕೊಳ್ಳುವುದಕ್ಕೂ ಒಂದು ಕ್ರಮವಿದೆ. ತುದಿಗೆ ಸಿಕ್ಕಿಸುವ ರಬ್ಬರಿನ ಟೋಪಿಗಳು ಮೂರು ನಾಲ್ಕು ಅಳತೆಯಲ್ಲಿ ಜೊತೆಗೇ ಬರುತ್ತವೆ. ನನಗೆ ಎಲ್ಲಕ್ಕಿಂತ ಸಣ್ಣದೇ ಸರಿಹೋಯಿತು. ಸಡಿಲವಾದರೆ ಎಷ್ಟು ಸಾವಿರದ್ದಾದರೂ ಸದ್ದು ಅಡಗದು. ಜುಮುಕಿ, ಮಾಟಿ ಹಾಕಿದ್ದರೆ ಅವು ತಾಗಿದಾಗೆಲ್ಲ ತಲೆಯೊಳಗೆ ಟಣ್ ಟಣ್. ಮನೆಯಲ್ಲಿ ಸಣ್ಣ ಓಲೆಯೇ ಮೇಲು. ಹಾಕಿಕೊಂಡು ಚಕ್ಕುಲಿ ಕಡಿದಿರೋ, ಗಿರಣಿಯೊಳಗೆ ಕೂತ ಹಾಗೆ! ಎಣ್ಣೆಸ್ನಾನದ ದಿನ ಮುಟ್ಟಬೇಡಿ. ಎಣ್ಣೆ, ಗುಗ್ಗೆ ಸೇರಿ ಜಾಲರಿ ಕಟ್ಟಿಕೊಂಡರೆ ಹಾಡು ಕ್ಷೀಣವಾಗುತ್ತದೆ. ಪಿನ್ನು ಹಾಕಿ ಕೆದಕದೆ, ಒಣಗಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಬೆವರು, ನಾಲ್ಕು ಹನಿ ನೀರು ತಡೆದೀತು. ಬಕೆಟ್ಟಿಗೆ ಬಿದ್ದರೆ ಹೇಳುವಂತಿಲ್ಲ. ಒಳಗಿನ ಬ್ಯಾಟರಿ ವರ್ಷ ಕಳೆದ ಹಾಗೆ ಸೊರಗುವಂಥದ್ದು, ಊರಿನ ರಿಪೇರಿ ಅಂಗಡಿಯಲ್ಲಿ ಬದಲಿಸಿಕೊಡುವುದಿಲ್ಲ. 25 ಸಾವಿರ ಕೊಡುವ ಮೊದಲು ಇದನ್ನು ಯೋಚಿಸಿ. ಕೈಯಿಂದ ಕೊಳ್ಳುವುದಾದರೆ ನಾನು ಕೊಳ್ಳೆ, ಅಷ್ಟರಲ್ಲಿ ಒಂದು ವಾಷಿಂಗ್ ಮಷೀನು ಬರುತ್ತದೆ. ವಾರವಾರ ಬಸ್ಸು, ರೈಲು ಹತ್ತುವವರು, ಸದ್ದಿಗೆ ತಲೆನೋವು ಏಳುವವರು ಬೇಕಾದರೆ ಕೊಳ್ಳಲಿ.

ಮಗಳು ಇದನ್ನು ತಂದ ಕಾರಣ ಹೇಳಲೇ ಇಲ್ಲ ನೋಡಿ. ಅತ್ತೆಗೆ ಈಚೆಗೆ ಕಿವಿ ಮಂದ, ಟಿವಿ ಬೀದಿಗೆ ಕೇಳುವಷ್ಟು ಜೋರು. ಅದರಿಂದ ಅಮ್ಮನಿಗೆ ಬಿಡುವು ಸಿಗಲಿ ಅಂತ. ಧಾರಾವಾಹಿಯವರ ಮಾತು, ಅಳು ಏರಿಳಿಯುವ ಸದ್ದಾದ್ದರಿಂದ ಕಡಿಮೆಯಾಯಿತೇ ಹೊರತು ಅಡಗಲಿಲ್ಲ. "ಇದನ್ನೇ ಅತ್ತೆಯ ಕಿವಿಗೆ ಹಾಕಬಾರದೇ?" ಎಂದು ಒಬ್ಬರು ಕೇಳಿದ್ದೀರಿ. ನನ್ನ ಹತ್ತಿರವಿರುವುದು ಶ್ರವಣಯಂತ್ರವಲ್ಲ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎಫ್‌ಡಿಎ, ಏರ್‌ಪಾಡ್ಸ್ ಪ್ರೊ ಎಂಬ ಇಯರ್‌ಫೋನನ್ನು ಶ್ರವಣಯಂತ್ರದಂತೆ ಬಳಸುವ ಏರ್ಪಾಟಿಗೆ ಒಪ್ಪಿಗೆ ಕೊಟ್ಟದ್ದು ನಿಜ. ಅದೂ 18 ವರ್ಷ ತುಂಬಿದ, ಅಲ್ಪಸ್ವಲ್ಪದಿಂದ ಮಧ್ಯಮದವರೆಗೆ ಕಿವಿ ಮಂದವಾದವರಿಗಷ್ಟೆ. ಎಷ್ಟು ಮಂದ, ಏಕೆ ಮಂದ ಎಂದು ತಿಳಿಯದೆ ಹಾಕುವುದು ಬೇಡ. ಬರೀ ಗುಗ್ಗೆ ಕಟ್ಟಿದ್ದರೂ ಇದ್ದೀತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಕಿವಿಯ ಪರೀಕ್ಷೆಯನ್ನು ಅಲ್ಲಿ ಮಾಡುತ್ತಾರೆ. "ನಂಗೇನಾಗಿದೆ, ಚೆನ್ನಾಗಿ ಕೇಳಿಸತ್ತೆ" ಅಂತ ಅತ್ತೆ ಹಟ ಹಿಡಿದಿದ್ದರು. ಮೊಮ್ಮಗಳು ಹೇಳಿದ ಮೇಲೆ ಒಪ್ಪಿದ್ದಾರೆ. ಬರುವ ಸೋಮವಾರ ಮೈಸೂರಿನ ರೈಲು ಹತ್ತುವವರಿದ್ದೇವೆ.