ಗಾಡಿ ವಾಯರಿನ ಸಲುವಾಗಿ ಅಂಗಳದಾಗ ಪಾಷಾಣ ಯಾಕ?

ಅಕ್ಕ-ತಂಗೇರೆ, ನೆಗೆಣ್ಣೇರೆ, ಓಣಿ ಹೆಣಮಕ್ಕಳೇ, ಈ ಸರ್ತಿ ಅಡಗಿ ಮಾತಿಲ್ಲ, ಜಗಳದ ಮಾತದ. ಸೋಯಾ ರಾಶಿ ಮುಗದು ಛಳಿ ಬಿತ್ತಂದ್ರ ನಮ್ಮ ಗೋರ್ಟಾದಾಗ ಒಂದೇ ಸುದ್ದಿ. ಇವರ ಕಾರಿನ ವಾಯರ್ ಇಲಿ ಕಡೀತು, ಅವರ ಗಾಡಿ ಚಾಲೂನೇ ಆಗವಲ್ದು. ಸುದ್ದಿ ಹಿಂದೇ ಗಣಮಕ್ಕಳು ಅಂಗಡಿಗಿ ಹೋಗಿ ಇಲಿ ಪಾಷಾಣ ತರ್ತಾರ, ರೊಟ್ಟಿ ತುಕಡಿಗಿ ಹಚ್ಚಿ ಗಾಡಿ ಬುಡಕ ಇಡ್ತಾರ. ಅದೇ ಅಂಗಳದಾಗ ನಮ್ಮ ಕೂಸುಗಳು ಅಂಬೆಗಾಲಿಕ್ಕಿ ತಿರಗ್ತಾವ, ಕೈಗಿ ಸಿಕ್ಕಿದ್ದು ಬಾಯಾಗ ಹಾಕ್ತಾವ. ನನ್ನ ಮಾತು ಇಷ್ಟೇ: ಗಾಡಿ ಉಳಸ್ಲಕ್ಕ ಅಂಗಳದಾಗ ಪಾಷಾಣ ಇಡೋದು ಬಂದ್ ಆಗಬೇಕು. ಇಲಿ ಕಾಟಕ್ಕ ಮನಿಗಿ ಬೆಂಕಿ ಹಚ್ಚಿದಂಗ ಅಂತ ಹಿರೇರು ಅಂದದ್ದು ಇಂಥದಕ್ಕೇ.

ಆ ಟೂಬಿನಾಗ ಏನದ ಅಂತ ಯಾರರ ಓದೀರೇನು? ಹಳದಿ ರಂಜಕ ಇರ್ತದ. ನೋಡ್ಲಕ್ಕ ಹಲ್ಲು ತಿಕ್ಕೋ ಪೇಸ್ಟಿನಂಗ. ಸಣ್ಣ ಹುಡುಗರಿಗಿ ಫರಕ್ ಏನ್ ತಿಳೀತದ? ಹೊಟ್ಟ್ಯಾಗ ಹೋದ್ರ ಮೊದಲ ವಾಂತಿ, ಸಂಕಟ. ಆಮ್ಯಾಲ ಒಂದೆರಡು ದಿನ ಕೂಸು ಆರಾಮ ಆತು ಅನಸ್ತದ, ಮನಿ ಮಂದಿ ಉಸ್ಸಂತ ಕೂಡ್ತಾರ. ಅಷ್ಟ್ರಾಗ ಒಳಗ ಲಿವರ್ ಕೆಡ್ತಿರ್ತದ. ಈ ವಿಷ ಇಳಸೋ ಔಷಧ ಇಲ್ಲ. ಕರಿ ಪುಡಿ ಬರ್ತದಲ್ಲ, ಜಿಂಕ್ ಫಾಸ್ಫೈಡ್, ಅದಕ್ಕೂ ಇಲ್ಲ. ಬಿಲ್ಲಿ ರೂಪದಾಗ ಬರೋ ಪಾಷಾಣಕ್ಕ ಔಷಧ ಅದ, ಖರೆ ಅದೂ ಜಲ್ದಿ ದವಾಖಾನಿ ಮುಟ್ಟಿದ್ರ ಮಾತ್ರ. ಅದಕ್ಕ ಯಾರದೇ ಮನ್ಯಾಗ ಕೂಸು ಬಾಯಿಗಿ ಹಾಕೊಂಡಿರಬೇಕು ಅಂತ ಬರೀ ಸಂಶಯ ಬಂದ್ರೂ ಹಾಲು, ತುಪ್ಪ, ಎಣ್ಣಿ ಕುಡಸಬ್ಯಾಡ್ರಿ. ರಂಜಕದ ವಿಷ ಜಿಡ್ಡಿನ ಕೂಡ ಇನ್ನಾ ಜಲ್ದಿ ಮೈಯಾಗ ಸೇರ್ತದ. ಪಾಕೀಟು ಕೈಯಾಗ ಹಿಡಕೊಂಡು ಸೀದಾ ಡಾಕ್ಟರ್ ಬಲ್ಲಿ ಓಡ್ರಿ. ಛಲೋ ಕಂಡ್ರೂ ಓಡ್ರಿ.

ಇನ್ನೊಂದು ಮಾತು ನಾವು ಹೆಣಮಕ್ಕಳು ಬಾಯಿ ಬಿಟ್ಟು ಆಡಂಗಿಲ್ಲ. ಮನ್ಯಾಗ ಸಿಟ್ಟು, ದುಃಖ ಎಲ್ಲಾರಿಗೂ ಬರ್ತಾವ. ಒಂದ್ ತಾಸು ತಡದ್ರ ಹೋಗ್ತಾವ. ಅಂಥಾ ಹೊತ್ತಿನಾಗ ಕೈಗಿ ಸಿಗೋವಂಗ ವಿಷ ಮನ್ಯಾಗ ಇರಬಾರದು. ತಮಿಳುನಾಡು ಸರ್ಕಾರ ಹಳದಿ ರಂಜಕದ ಪಾಷಾಣ ಮಾರೋದು ಬಂದ್ ಮಾಡಿದ್ದು ಸುಮ್ಮಸುಮ್ಮನ ಅಲ್ಲ.

ಹೋಗ್ಲಿ, ಪಾಷಾಣ ಇಟ್ಟು ಗಾಡಿಯರ ಉಳೀತೇನು? ಬಿಲ್ಲಿ ತಿಂದ ಇಲಿ ಆಗಿಂದಾಗ ಸಾಯಂಗಿಲ್ಲ, ಮೂರ್ನಾಕು ದಿನ ತಿರಗ್ತದ. ಆಮ್ಯಾಲ ಬೆಚ್ಚಗಿನ ಜಾಗಾ ಹುಡುಕಿ ಕಾರಿನ ಒಳಗೇ, ಎಸಿ ಗಾಳಿ ಬರೋ ಸಂದ್ಯಾಗೇ ಸತ್ತು ಬೀಳ್ತದ. ವಾಯರ್ ಖರ್ಚಿನ ಮ್ಯಾಲ ಡ್ಯಾಶ್‌ಬೋರ್ಡ್ ಬಿಚ್ಚಿಸೋ ಖರ್ಚು. ಹೊರಗ ಸತ್ರ ಬೆಕ್ಕು ತಿಂತದ, ಗೂಗಿ ತಿಂತದ, ಅವೂ ಸಾಯ್ತಾವ. ದಿನಾ ರಾತ್ರಿ ಪುಕ್ಕಟೆ ಇಲಿ ಹಿಡಿಯೋರನ್ನ ಕೊಂದು, ಮರುದಿನ ರೊಕ್ಕಾ ಕೊಟ್ಟು ಪಾಷಾಣ ತರೋದು ಎಂಥಾ ಶಾಣ್ಯಾತನ?

“ನಿನಗೇನ್ ಹೋಗ್ತದವ್ವ, ವಾಯರಿಂಗ್ ಬಿಲ್ಲು ನಾವು ಕಟ್ಟಬೇಕು” ಅಂತ ಗಣಮಕ್ಕಳು ಅಂತಾರ. ಖರೆ ಅದ. ನಡುರಾತ್ರಿ ಬಸವಕಲ್ಯಾಣಕ್ಕೋ ಹುಮನಾಬಾದಕ್ಕೋ ಬಾಣಂತಿನ ಒಯ್ಯಬೇಕಾದಾಗ ಗಾಡಿ ಚಾಲೂ ಆಗಲಿಲ್ಲಂದ್ರ ಅದು ರೊಕ್ಕಾದ ಮಾತೂ ಅಲ್ಲ, ಜೀವದ ಮಾತು. ಪೆಟ್ರೋಲಿನ ರಬ್ಬರ್ ಪೈಪ್ ಕಡದಿದ್ರ ಬೆಂಕೀನೇ ಹತ್ತಬಹುದು. ಅದಕ್ಕ ಪೆಟ್ರೋಲ್ ವಾಸನಿ ಬಂದ್ರ ಕೀಲಿ ತಿರುವಬ್ಯಾಡ್ರಿ, ಮೆಕ್ಯಾನಿಕ್‌ನ ಕರೀರಿ. ಇನ್ಶೂರೆನ್ಸ್ ಅದಲ್ಲ ಅಂತ ಧೈರ್ಯ ಇದ್ದವರು ಕಾಗದ ತೆಗದು ಓದ್ರಿ. ಬರೀ ಥರ್ಡ್ ಪಾರ್ಟಿ ಇದ್ರ ಇಲಿ ಕಡದದ್ದಕ್ಕ ಒಂದ್ ಪೈಸಾ ಬರಂಗಿಲ್ಲ. ಪೂರ್ತಿ ಪಾಲಿಸಿ ಇದ್ರೂ 1500 ಸಿಸಿ ತನಕದ ಮನಿ ಕಾರಿಗಿ ಕ್ಲೇಮಿಗಿ 1,000 ರೂಪಾಯಿ, ಅದರ ಮ್ಯಾಲಿಂದಕ್ಕ 2,000 ರೂಪಾಯಿ ನಾವೇ ಕೊಡಬೇಕು. ಕ್ಲೇಮ್ ಮಾಡದೇ ಇದ್ರ ವರ್ಷದಿಂದ ವರ್ಷಕ್ಕ 20ರಿಂದ 50 ಪರ್ಸೆಂಟ್ ತನಕ ಸಿಗೋ ಸೂಟೂ ಹೋಗ್ತದ. ಸಣ್ಣ ರಿಪೇರಿಗಿ ಕ್ಲೇಮ್ ಮಾಡೋಕಿಂತ ಮೊದಲ ಲೆಕ್ಕಾ ಹಾಕ್ರಿ.

ಅಂದ್ರ ಗಾಡಿ ಉಳಸಬೇಕು, ಅದರಾಗ ಜಗಳಿಲ್ಲ. ಹ್ಯಾಂಗ ಅಂಬೋದ್ರಾಗೇ ಜಗಳ. ಒಬ್ಬರು ತಂಬಾಕಿನ ಎಲಿ ಇಡ್ರಿ ಅಂತಾರ. ಕಾದ ಇಂಜಿನ್ ಮ್ಯಾಲ ಒಣಗಿದ ಎಲಿ ಬಿದ್ರ ಏನಾಗ್ತದ ಅಂತ ವಲಿ ಮುಂದ ಕೂಡೋ ನಮಗ ಯಾರೂ ಹೇಳಬೇಕಾಗಿಲ್ಲ. ಇನ್ನೊಬ್ಬರು ಡಾಂಬರ್ ಗೋಳಿ ಅಂತಾರ. ಅದರ ವಾಸನಿ ಎಸಿ ಹಾದಿ ಹಿಡದು ಒಳಗ ಕುಂತ ಕೂಸಿನ ಮೂಗಿಗೇ ಬರ್ತದ. ಕೆಲವು ಕೂಸುಗಳಿಗಿ ಆ ಗೋಳಿ ಗಾಳಿ ರಕ್ತಾನೇ ಒಡೀತದ. ಕಿಂಯ್ ಅನ್ನೋ ಮಶೀನ್ ತಂದವರೂ ಅದಾರ. ಎರಡು ದಿನ ಹೆದರಿದ ಇಲಿ ಮೂರನೇ ದಿನ ಅದರ ಬಾಜೂಕೇ ಮಲಗ್ತದ. ಇಂಥಾ ಮಶೀನ್ ಮಾರೋರಿಗಿ ನೀವು ಹೇಳೋದಕ್ಕ ಪುರಾವೆ ಎಲ್ಲ್ಯದ ಅಂತ ಅಮೆರಿಕಾ ಸರ್ಕಾರದ ವ್ಯಾಪಾರ ಆಯೋಗ 2001ರಾಗೇ ಎಚ್ಚರಿಕಿ ಕೊಟ್ಟದ. ಮತ್ತ ಹೊಸಾ ಮಾತೊಂದು: ಈಗಿನ ವಾಯರ್ ಸೋಯಾದ್ಲಿಂದ ಮಾಡ್ತಾರಂತ, ಅದಕ್ಕೇ ಇಲಿ ತಿಂತದಂತ. ಅಮೆರಿಕಾದಾಗ ಇದೇ ಮಾತು ಹಿಡದು ಕಾರ್ ಕಂಪನಿಗಳ ಮ್ಯಾಲ ಕೇಸೂ ಹಾಕ್ಯಾರ. ಆದ್ರ ನಮ್ಮ ಹೊಲದಾಗ ಪಂಪಿನ ಸ್ಟಾರ್ಟರ್ ಡಬ್ಬಿ ವಾಯರ್ ಇಲಿ ಯಾವತ್ತಿನಿಂದ ಕಡೀತದ? ಟ್ರಂಕಿನಾಗಿನ ಇಳಕಲ್ ಸೀರಿ, ಬಚ್ಚಲದಾಗಿನ ಸಾಬೂನು ಯಾವ ಸೋಯಾದ್ಲಿಂದ ಮಾಡ್ಯಾರ? ಇಲಿ ಮುಂದಿನ ಹಲ್ಲು ಸಾಯೋ ತನಕ ಬೆಳೀತಾವ. ಕಡಕೋತ ಇರದೇ ಹೋದ್ರ ಅದರ ಬಾಯೇ ಮುಚ್ಚಂಗಿಲ್ಲ. ಎಲ್ಲಿ ಮನಿ ಮಾಡ್ತದೋ ಅಲ್ಲಿ ಕಡೀತದ. ಹಂಗಾರ ಕೇಳಬೇಕಾದ್ದು ವಾಯರ್ ಎದರದು ಅಂತಲ್ಲ, ಇಲಿ ಅಲ್ಲಿಗಿ ಯಾಕ ಬಂತು ಅಂತ.

ಯಾಕ ಬಂತು? ನಾವೇ ಕರದೀವಿ. ಹೊಲದಾಗ ಸೋಯಾ, ಆಮ್ಯಾಲ ತೊಗರಿ, ಕಬ್ಬು ಒಂದೊಂದಾಗಿ ಖಾಲಿ ಆದಂಗ ಇಲಿ ಊರಿಗಿ ಬರ್ತಾವ. ಊರಾಗ ಪತ್ರಾ ಶೆಡ್ಡಿನಾಗ ಒಂದ್ ಕಡಿ ಕಾರು, ಅದರ ಗಾಲಿಗಿ ಹತ್ತಿ ಸೋಯಾ ಚೀಲ, ಹಿಂದ ಕಣಕಿ ಬಣವಿ, ಬಾಜೂಕ ಹಿಂಡಿ ಬುಟ್ಟಿ. ಬಾನೆಟ್ ಒಳಗ ಕತ್ತಲಿ, ಬೆಚ್ಚಗ, ಬೆಕ್ಕಿನ ಕೈ ಹೋಗಂಗಿಲ್ಲ. ಊಟ ಗಾಲಿ ಬುಡಕ, ಹಾಸಗಿ ಬಾನೆಟ್ ಒಳಗ. ಇದಕ್ಕಿಂತ ಛಲೋ ತೌರುಮನಿ ಇಲಿಗಿ ಎಲ್ಲಿ ಸಿಗಬೇಕು? 2020ರಾಗ ಲಾಕ್‌ಡೌನ್ ಆಗಿ ಗಾಡಿಗೋಳು ನಿಂತಲ್ಲೇ ನಿಂತಾಗ ಪ್ಯಾಟಿ ಮಂದಿಗೂ ಇದೇ ಪಾಠ ಆತು. ಇಲಿ ಮೂರು ವಾರಕ್ಕ ಹಡೀತದ, ಒಂದ್ ಸೂಲಿಗಿ ಆರೆಂಟು ಮರಿ. ಕೂಳು ಅಲ್ಲೇ ಇಟ್ಟು ಎರಡು ಇಲಿ ಕೊಂದ್ರ ಆ ಜಾಗಾಕ್ಕ ನಾಕು ಬರ್ತಾವ.

ಇಲ್ಲಿ ಒಂದ್ ಸಿಟ್ಟಿನ ಮಾತು ಆಡ್ತೀನಿ. ವಾಯರ್ ಕಡದ ದಿನ ಮನ್ಯಾಗ ಬೈಗಳ ಯಾರಿಗಿ? “ನೀವು ಕಸ ಬರೋಬ್ಬರಿ ಹೊಡಿಯಂಗಿಲ್ಲ, ಮುಸುರಿ ಅಲ್ಲೇ ಚೆಲ್ತೀರಿ” ಅಂತ ಹೆಣಮಕ್ಕಳಿಗೇ. ಚೀಲ ಒಟ್ಟಿದವರು ಯಾರು? ಬಣವಿ ಮಗ್ಗಲ ಗಾಡಿ ಹಚ್ಚಿದವರು ಯಾರು? ಮುಸುರಿ ಮುಚ್ಚಿಡೋದು ನಮ್ಮ ಕೆಲಸ ಅಂದ್ರ, ಚೀಲ ಸರಸೋದು ಅವರ ಕೆಲಸ. ಪಾಷಾಣ ತರೋದು ಸಸ್ತಾ, ಚೀಲ ಎತ್ತೋದು ತ್ರಾಸು. ಅಷ್ಟೇ ಇದರ ಗುಟ್ಟು.

ಮಾಡಬೇಕಾದ್ದು ದೊಡ್ಡದೇನಿಲ್ಲ. ಕಾಳಿನ ಚೀಲ ಗಾಡಿ ಇರೋ ಜಾಗಾದ್ಲಿಂದ ತೆಗದು ಬ್ಯಾರೆ ಖೋಲ್ಯಾಗ, ಹಲಗಿ ಮ್ಯಾಲ, ಗೋಡಿಗಿ ಹತ್ತದಂಗ ಇಡ್ರಿ. ಹಿಂಡಿ, ಕೋಳಿ ಕಾಳು ಮುಚ್ಚಳದ ತಗಡಿನ ಡಬ್ಬ್ಯಾಗ ಹಾಕ್ರಿ. ಗಾಡಿ ಬಣವಿ ಬಿಟ್ಟು ಬಯಲಿಗಿ ನಿಲ್ಲಸ್ರಿ. ಎರಡು ದಿನಕ್ಕೊಮ್ಮೆ ಚಾಲೂ ಮಾಡಿ ಒಂದ್ ಸುತ್ತು ತಿರುಗಾಡಸ್ರಿ. ಅಂಗಳಕ್ಕ ಗೇಟ್ ಇದ್ರ ರಾತ್ರಿ ಬಾನೆಟ್ ಎತ್ತಿಡ್ರಿ, ಕತ್ತಲಿ ಬೆಚ್ಚಗ ಎರಡೂ ಹೋಗ್ತಾವ. ವಾರಕ್ಕೊಮ್ಮೆ ಒಳಗ ಇಣಕಿ ನೋಡ್ರಿ. ಹಿಕ್ಕಿ, ಹತ್ತಿ, ರೊಟ್ಟಿ ತುಕಡಿ ಕಂಡ್ರ ಒಣಾ ಕಸಬರಿಗಿ ಆಡಸಬ್ಯಾಡ್ರಿ. ಇಂಜಿನ್ ತಣ್ಣಗಾದ ಮ್ಯಾಲ ಕೈಗಿ ರಬ್ಬರ್ ಚೀಲ ಹಾಕೊಂಡು, ಫಿನಾಯಿಲ್‌ನಾಗ ಅದ್ದಿದ ಅರಿವಿಲೆ ಒರಸಿ ತೆಗೀರಿ. ಇಲಿ ಉಚ್ಚಿ ಗಾಯಕ್ಕ ಹತ್ತಿದ್ರ ಇಲಿ ಜ್ವರ ಬರ್ತದ. ಉಳದ ಇಲಿಗಿ ಬೋನು ಅದ, ಒಳಗ ಒಂದ್ ಶೇಂಗಾಕಾಳು ಸಾಕು. ಗೋಡಿಗಿ ಹಚ್ಚಿ ಇಡ್ರಿ, ಇಲಿ ಗೋಡಿ ಹಿಡದೇ ಓಡ್ತದ. ರೊಕ್ಕಾ ಹಾಕೋದೇ ಇದ್ರ ಗಾಳಿ ಒಳಗ ಹೋಗೋ ಕಿಂಡಿಗಿ ಸಣ್ಣ ಕಣ್ಣಿನ ಸ್ಟೀಲ್ ಜಾಳಗಿ ಬಡಸ್ರಿ, ಅರ್ಧ ಇಂಚಿನ ಸಂದ್ಯಾಗೂ ಇಲಿ ನುಗ್ಗತದ. ವಾಯರಿಗಿ ಸುತ್ತೋ ಖಾರದ ಟೇಪ್ ಹೋಂಡಾ ಕಂಪನಿ ಮಾಡ್ತದ. ಇಲಿಗಿ ಖಾರ ಹತ್ತತದ, ಮನುಷ್ಯಾರ ಜೀವಕ್ಕ ಏನೂ ಆಗಂಗಿಲ್ಲ.

ಒಂದೇ ಮನಿ ಮಾಡಿದ್ರ ಇಲಿ ಬಾಜೂ ಮನಿಗಿ ಹೋಗ್ತಾವ, ಓಣಿ ಎಲ್ಲಾ ಕೂಡಿ ಮಾಡಬೇಕು. ಎಳ್ಳ ಅಮಾಸಿಗಿ ಹೊಲಕ್ಕ ಹೋಗ್ಲಕ್ಕ ಎಲ್ಲಾರೂ ಕೂಡೇ ಬುತ್ತಿ ಕಟ್ಟತೀವಿ. ಅದಕ್ಕಿಂತ ಮೊದಲ ಒಂದ್ ದಿನ ಕೂಡೇ ಶೆಡ್ ಖಾಲಿ ಮಾಡಿಸಮು. ಅಲ್ಲಿ ತನಕ ಮನ್ಯಾಗ ಪಾಷಾಣ ಇದ್ರ ಮಾಡದಾಗ ಇಡಬ್ಯಾಡ್ರಿ, ಕೀಲಿ ಹಾಕಿ ಕೀಲಿ ನಿಮ್ಮ ಸೆರಗಿಗಿ ಕಟ್ಕೋರಿ. ಮತ್ತೊಂದು ಟೂಬ್ ತರ್ತೀನಿ ಅಂತ ಯಾರರ ಚಪ್ಪಲಿ ಮೆಟ್ಟಿದ್ರ, ಮೊದಲ ಆ ಚೀಲ ಎತ್ತಿಡ್ರಿ ಅಂತ ಬಾಗಲಾಗೇ ನಿಂದ್ರಿಸ್ರಿ.